ತೀರ್ಮಾನವಾದ ಮೇಲಿನ ಆಲಿಕೆ

ವರ್ತಕನು ಸರಕನ್ನು ತೂಗುವ ಮುನ್ನ ಬರಿಯ ತಕ್ಕಡಿಯನ್ನು ಎತ್ತಿ ಹಿಡಿದು ಗಿರಾಕಿಗೆ ತೋರಿಸುವುದು ಹಳೆಯ ಅಂಗಡಿಗಳ ರೂಢಿಯಾಗಿತ್ತು. ಎರಡು ತಟ್ಟೆಗಳೂ ಸಮನಾಗಿ ನಿಂತು, ಮುಳ್ಳು ನಡುವೆ ನೆಟ್ಟಗೆ ಇರುವುದನ್ನು ಕೊಳ್ಳುವವನು ಕಣ್ಣಾರೆ ಕಂಡ ಮೇಲೆಯೇ ಧಾನ್ಯವು ತಟ್ಟೆಗೆ ಬೀಳುತ್ತಿತ್ತು. ತಟ್ಟೆಯ ಅಡಿಗೆ ಮೊದಲೇ ಅರಗು ಮೆತ್ತಿಟ್ಟು, ಆ ಬಳಿಕ ಹತ್ತು ಜನರೆದುರು ಗಂಭೀರವಾಗಿ ತೂಗಿ ತೋರಿಸುವವನನ್ನು ಪೇಟೆಯು ವರ್ತಕನೆಂದು ಕರೆಯುತ್ತಿರಲಿಲ್ಲ. ಅವನಿಗೆ ಬೇರೆ ಹೆಸರಿತ್ತು. ತೂಕವು ಬಹಿರಂಗವಾಗಿ ನಡೆಯಿತೆಂಬ ಮಾತ್ರಕ್ಕೆ ಅದು ನ್ಯಾಯವಾದ ತೂಕವಾಗುವುದಿಲ್ಲ ಎಂಬುದು ಬಾಲಕನೂ ಬಲ್ಲ ಸಂಗತಿ.

ಅಣೆಕಟ್ಟು, ಗಣಿ, ವಿದ್ಯುತ್ ಸ್ಥಾವರ, ಹೆದ್ದಾರಿ ಮೊದಲಾದ ವಿವಾದಾಸ್ಪದ ಯೋಜನೆಗಳ ಕುರಿತು ಈ ದೇಶದಲ್ಲಿ ನಡೆಯುವ ‘ಸಾರ್ವಜನಿಕ ಆಲಿಕೆ’ ಸಭೆಗಳ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ. ಸಭೆ ನಡೆಯುತ್ತದೆ, ಶಾಮಿಯಾನ ಹಾಕುತ್ತಾರೆ, ಅಧಿಕಾರಿಗಳು ವೇದಿಕೆಯ ಮೇಲೆ ಕೂರುತ್ತಾರೆ, ಜನರು ಮಾತನಾಡುತ್ತಾರೆ, ಎಲ್ಲವೂ ದಾಖಲಾಗುತ್ತದೆ. ಆದರೆ ತಕ್ಕಡಿಯ ತಟ್ಟೆಗಳು ಸಭೆಗೆ ಮುನ್ನ ಸಮನಾಗಿದ್ದವೇ? ಜನರ ಮಾತಿನಿಂದ ಮುಳ್ಳು ಅತ್ತಿತ್ತ ಕದಲುವ ಸಂಭವವಾದರೂ ಇತ್ತೇ? ಇಲ್ಲವೆಂದಾದರೆ ಅದಕ್ಕೆ ಆಲಿಕೆಯೆಂಬ ಹೆಸರು ಒಪ್ಪುವುದಿಲ್ಲ.

ಈ ವ್ಯವಸ್ಥೆಯ ಹುಟ್ಟನ್ನು ಮೊದಲು ನೋಡಬೇಕು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಅದರ ಅಡಿಯಲ್ಲಿ ಕೇಂದ್ರ ಸರಕಾರವು 1994ರ ಜನವರಿಯಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯನ್ನು ಹೊರಡಿಸಿ, ದೊಡ್ಡ ಯೋಜನೆಗಳಿಗೆ ಮುಂಚಿತ ಅನುಮತಿಯನ್ನು ಕಡ್ಡಾಯಗೊಳಿಸಿತು. 1997ರ ಏಪ್ರಿಲ್‌ನಲ್ಲಿ ಆದ ತಿದ್ದುಪಡಿಯಿಂದ ಸಾರ್ವಜನಿಕ ಆಲಿಕೆಯೂ ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆಯು ಇಡೀ ಕ್ರಮವನ್ನು ಪುನಾರಚಿಸಿತು. ಅದರಂತೆ ಯೋಜನೆಯ ಸ್ಥಳದಲ್ಲಿ ಇಲ್ಲವೇ ಅದಕ್ಕೆ ಸಮೀಪದಲ್ಲಿ ಸಭೆ ಸೇರಬೇಕು. ಕನಿಷ್ಠ 30 ದಿನಗಳ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಅಧ್ಯಕ್ಷತೆ ವಹಿಸಬೇಕು. ಇಡೀ ಕಲಾಪದ ಚಿತ್ರೀಕರಣವಾಗಬೇಕು. ಸಭೆಗೆ ಬರಲಾಗದವರು ಲಿಖಿತವಾಗಿ ಅಭಿಪ್ರಾಯ ಕಳುಹಿಸಬಹುದು. ಕಾಗದದ ಮೇಲೆ ಇದು ಸಾಮಾನ್ಯ ಸಾಧನೆಯಲ್ಲ. ಒಂದು ಹಳ್ಳಿಯ ಕೂಲಿಕಾರನೂ ಜಿಲ್ಲಾಧಿಕಾರಿಯೆದುರು ನಿಂತು ‘ಈ ಯೋಜನೆ ಬೇಡ’ ಎಂದು ಹೇಳುವ ಹಕ್ಕನ್ನು ಅದು ಕೊಟ್ಟಿತು. ದೋಷವನ್ನು ಎತ್ತಿ ತೋರಿಸುವ ಮುನ್ನ ಗುಣವನ್ನು ಒಪ್ಪಿಕೊಳ್ಳುವುದು ನ್ಯಾಯ.

ಇನ್ನು ಆಚರಣೆಯನ್ನು ನೋಡೋಣ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ತೆಗೆದುಕೊಳ್ಳಬಹುದು. ಕರ್ನಾಟಕ ವಿದ್ಯುತ್ ನಿಗಮದ ಈ ಯೋಜನೆಯ ಉದ್ದೇಶವು ಸರಳವಾದುದು. ವಿದ್ಯುತ್ತು ಹೇರಳವಾಗಿರುವ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರನ್ನು ಎತ್ತುವುದು. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಅದೇ ನೀರನ್ನು ಸುರಂಗಗಳ ಮೂಲಕ ಕೆಳಗಿಳಿಸಿ 2,000 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವುದು. ಬಿಸಿಲಿನ ವಿದ್ಯುತ್ತು ಹಗಲಿಗಷ್ಟೇ ಸೀಮಿತವಾಗಿರುವುದರಿಂದ ಅದನ್ನು ಸಂಜೆಗೆ ಕಾದಿಡುವ ಉಪಾಯ ಬೇಕು ಎಂಬ ವಾದದಲ್ಲಿ ಹುರುಳಿದೆ. ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು ಮರಳಿ ದೊರೆಯುವ ವಿದ್ಯುತ್ತಿಗಿಂತ ಯಾವಾಗಲೂ ಹೆಚ್ಚು ಎಂಬ ಪ್ರತಿವಾದದಲ್ಲಿಯೂ ಹುರುಳಿದೆ. ಈ ಸ್ಥಳವು 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಸುಮಾರು 54 ಹೆಕ್ಟೇರ್ ಅರಣ್ಯಭೂಮಿಯೂ ಸಾವಿರಾರು ಮರಗಳೂ ಯೋಜನೆಗೆ ಬೇಕಾಗಿವೆ. ಯೋಜನೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಹೇಗೆ ತೀರ್ಮಾನಿಸಲಾಯಿತು ಎಂಬುದಷ್ಟೇ ಇಲ್ಲಿಯ ವಿಚಾರ.

ಗೇರುಸೊಪ್ಪವೆಂದೊಡನೆ ಜೈನ ಸಮಾಜಕ್ಕೆ ನೆನಪಾಗುವುದು ವಿದ್ಯುತ್ತಲ್ಲ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಂದ ಆಳಿದ, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ. ಕಾಳುಮೆಣಸಿನ ವ್ಯಾಪಾರದಿಂದ ಸಮೃದ್ಧವಾಗಿದ್ದ ವರ್ತಕರ ಪಟ್ಟಣ. ಕಾಡಿನ ನಡುವೆ ಇಂದಿಗೂ ನಿಂತಿರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿ. ಅದೇ ನದಿಯ ಮೇಲ್ಭಾಗದಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ನಾಡಿಗೆ ಬೆಳಕು ಬಂದಿತು. ಮುಳುಗಡೆಯಾದ ಊರುಗಳ ಜನರು ಲಾರಿಗಳಲ್ಲಿ ಹೊರಟು ಕಾಡಿನ ಅಂಚುಗಳಲ್ಲಿ ನೆಲೆನಿಂತರು. ಆರು ದಶಕಗಳು ಕಳೆದ ಮೇಲೆಯೂ ಅವರಲ್ಲಿ ಅನೇಕ ಕುಟುಂಬಗಳ ಭೂಮಿಯ ಹಕ್ಕುಪತ್ರದ ಪ್ರಶ್ನೆಯು ಕಚೇರಿಯಿಂದ ಕಚೇರಿಗೆ, ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆಯುತ್ತಲೇ ಇತ್ತು. ಆಗ ಅವರನ್ನು ಕೇಳುವ ಯಾವ ವಿಧಿಯೂ ಇರಲಿಲ್ಲ. ಈಗ ವಿಧಿಯಿದೆ. ಆದುದರಿಂದ ಅದೇ ಕಣಿವೆಯ ಜನರನ್ನು ಎರಡನೆಯ ಬಾರಿ ಕೇಳುವಾಗ ಹೇಗೆ ಕೇಳಲಾಯಿತು ಎಂಬುದಕ್ಕೆ ಮಹತ್ವವಿದೆ.

ಆಲಿಕೆ ಸಭೆಗಳು 2025ರ ಸೆಪ್ಟೆಂಬರ್ ತಿಂಗಳಲ್ಲಿ ಸಾಗರ ತಾಲೂಕಿನ ಕಾರ್ಗಲ್‌ನಲ್ಲಿಯೂ ಹೊನ್ನಾವರ ತಾಲೂಕಿನ ಗೇರುಸೊಪ್ಪದಲ್ಲಿಯೂ ನಡೆದವು. ಜನರು ದೊಡ್ಡ ಸಂಖ್ಯೆಯಲ್ಲಿ ಬಂದರು, ವಿರೋಧವನ್ನು ದಾಖಲಿಸಿದರು. ಆದರೆ ಘಟನೆಗಳ ಅನುಕ್ರಮವನ್ನು ಓದುಗರು ಗಮನಿಸಬೇಕು. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ತಾತ್ತ್ವಿಕ ಸಮ್ಮತಿಯು ಅದೇ ವರ್ಷದ ಜೂನ್ ತಿಂಗಳಲ್ಲಿಯೇ ದೊರೆತಿತ್ತು. ಅದಕ್ಕೂ ಮೊದಲೇ ಟೆಂಡರು ಕರೆದು, ಸಾವಿರಾರು ಕೋಟಿ ರೂಪಾಯಿಗಳ ಕಾಮಗಾರಿಗೆ ಗುತ್ತಿಗೆದಾರರನ್ನು ಆಯ್ಕೆ ಮಾಡಿ ಆಗಿತ್ತು. ಮದುವೆಯ ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಿ, ಚಪ್ಪರದವನಿಗೆ ಮುಂಗಡ ಕೊಟ್ಟು, ಆಮೇಲೆ ಹುಡುಗಿಯನ್ನು ಕರೆದು ‘ನಿನಗೆ ಒಪ್ಪಿಗೆಯೇ?’ ಎಂದು ಕೇಳುವ ತಂದೆಯು ಮಗಳ ಅಭಿಪ್ರಾಯವನ್ನು ಕೇಳಿದನೆಂದು ಯಾರೂ ಹೇಳಲಾರರು. ಅವನು ಕೇಳಿದ್ದು ಅವಳ ಮೌನವನ್ನು.

ವಾಣಿಜ್ಯದ ಕಾನೂನನ್ನು ಬಲ್ಲವರು ಇಲ್ಲಿ ಒಂದು ಹೋಲಿಕೆಯನ್ನು ಮಾಡಿ ನೋಡಬಹುದು. 2013ರ ಕಂಪನಿ ಕಾಯಿದೆಯ ಪ್ರಕಾರ, ಸಾರ್ವಜನಿಕ ಕಂಪನಿಯೊಂದರಲ್ಲಿ ಒಂದೇ ಒಂದು ಷೇರನ್ನು ಹೊಂದಿರುವವನಿಗೂ ಸಾಮಾನ್ಯ ಸಭೆಗೆ ಪೂರ್ಣ 21 ದಿನಗಳ ಮುಂಚೆ ನೋಟೀಸು ಹೋಗಬೇಕು. ವಿಶೇಷ ವಿಷಯವಿದ್ದರೆ ಅದರ ವಿವರಣೆಯನ್ನೂ, ಅದರಲ್ಲಿ ನಿರ್ದೇಶಕರಿಗೆ ಇರುವ ಹಿತಾಸಕ್ತಿಯನ್ನೂ ನೋಟೀಸಿನ ಜೊತೆಗೆ ತಿಳಿಸಬೇಕು. ಕೋರಂ ಇಲ್ಲದೆ ಸಭೆ ಸಭೆಯೇ ಅಲ್ಲ. ವಿಶೇಷ ನಿರ್ಣಯಕ್ಕೆ ವಿರೋಧ ಮತಗಳ ಮೂರು ಪಟ್ಟಾದರೂ ಪರವಾದ ಮತಗಳು ಬೇಕು. ಲೆಕ್ಕ ಪರಿಶೋಧಕನನ್ನು ನೇಮಿಸುವುದು ಆ ಷೇರುದಾರರ ಸಭೆಯೇ ಹೊರತು ವ್ಯವಸ್ಥಾಪಕನಲ್ಲ. ಹತ್ತು ರೂಪಾಯಿಯ ಷೇರಿಗೆ ಕಾನೂನು ಇಷ್ಟು ಮರ್ಯಾದೆ ಕೊಟ್ಟಿದೆ.

ಈಗ ಮನೆ, ತೋಟ, ಗದ್ದೆ, ನದಿಯನ್ನು ಪಣಕ್ಕಿಟ್ಟವನ ಸ್ಥಿತಿಯನ್ನು ನೋಡಿ. ಆಲಿಕೆ ಸಭೆಗೆ ಕೋರಂ ಬೇಕಾಗಿಲ್ಲ ಎಂದು 2006ರ ಅಧಿಸೂಚನೆಯೇ ಹೇಳುತ್ತದೆ; ಹತ್ತು ಜನರು ಬಂದರೂ ಸಭೆ, ಹತ್ತು ಸಾವಿರ ಜನರು ಬಂದರೂ ಸಭೆ. ಅಲ್ಲಿ ಮತವಿಲ್ಲ, ಸಾವಿರ ಜನರ ವಿರೋಧವೂ ಯೋಜನೆಯನ್ನು ತಡೆಯಬೇಕೆಂಬ ನಿಯಮವಿಲ್ಲ. ಪರಿಣಾಮಗಳ ಅಧ್ಯಯನ ವರದಿಯನ್ನು ಸಿದ್ಧಪಡಿಸುವ ಸಲಹೆಗಾರ ಸಂಸ್ಥೆಯನ್ನು ಆರಿಸುವುದೂ, ಅದಕ್ಕೆ ಸಂಭಾವನೆ ಕೊಡುವುದೂ ಯೋಜನೆಯ ಪ್ರವರ್ತಕನೇ. ಸಂಸ್ಥೆಗೆ ಮಾನ್ಯತೆಯಿರಬೇಕೆಂಬ ನಿಯಮವಿದೆ, ನಿಜ. ಆದರೆ ತನ್ನ ಅಂಗಡಿಯ ಲೆಕ್ಕವನ್ನು ತಾನೇ ಆರಿಸಿದವನಿಂದ ತಪಾಸಣೆ ಮಾಡಿಸಿ, ಅದನ್ನೇ ಸಾಲಕೊಟ್ಟವರ ಮುಂದೆ ಪುರಾವೆಯಾಗಿ ಇಡಲು ಬಂದರೆ ಯಾವ ಬ್ಯಾಂಕು ಒಪ್ಪೀತು? ಜನರು ಸಭೆಯಲ್ಲಿ ಎತ್ತಿದ ಆಕ್ಷೇಪಗಳಿಗೆ ವರದಿಯಲ್ಲಿ ಉತ್ತರ ಬರೆಯುವ ಹೊಣೆಯೂ ಅದೇ ಪ್ರವರ್ತಕನದು. ಫಿರ್ಯಾದಿಯ ಅರ್ಜಿಗೆ ಎದುರುವಾದಿಯೇ ತೀರ್ಪಿನ ಕರಡನ್ನು ಬರೆದಂತೆ ಇದು.

ಭಾಷೆಯ ಮಾತಂತೂ ಹೇಳತೀರದು. ನೂರಾರು ಪುಟಗಳ ಅಧ್ಯಯನ ವರದಿಯು ಇಂಗ್ಲಿಷಿನಲ್ಲಿರುತ್ತದೆ. ಜನರ ಭಾಷೆಯಲ್ಲಿ ದೊರೆಯಬೇಕಾದುದು ಅದರ ಸಾರಾಂಶ ಮಾತ್ರ. ಲಾಭದ ಸಂಗತಿಗಳು ಸಾರಾಂಶಕ್ಕೆ ಸುಲಭವಾಗಿ ಒಗ್ಗುತ್ತವೆ. ನಷ್ಟದ ಸಂಗತಿಗಳು ಅನುಬಂಧಗಳ ಕೋಷ್ಟಕಗಳಲ್ಲಿ ಉಳಿದುಬಿಡುತ್ತವೆ. ಸುರಂಗದ ಸ್ಫೋಟದಿಂದ ಬೆಟ್ಟದ ಇಳಿಜಾರಿಗೆ ಏನಾದೀತು, ಅಗೆದ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಕೆಳಹರಿವಿನ ನೀರಿನ ಗತಿಯೇನು ಎಂಬುದನ್ನು ತಿಳಿಯಬೇಕಾದವನು ಗೇರುಸೊಪ್ಪದ ರೈತ, ಹೊನ್ನಾವರದ ಮೀನುಗಾರ. ಅವನಿಗೆ ಆ ಪುಟಗಳೇ ಮುಚ್ಚಿದ ಬಾಗಿಲು. 2020ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಹೊಸ ಅಧಿಸೂಚನೆಯ ಕರಡನ್ನು ಹೊರಡಿಸಿದಾಗ ಈ ಮನೋಭಾವವು ಇನ್ನೂ ಸ್ಪಷ್ಟವಾಯಿತು. ಆಲಿಕೆಯ ಪ್ರಕಟಣೆಯ ಅವಧಿಯನ್ನು 30 ದಿನಗಳಿಂದ 20 ದಿನಗಳಿಗೆ ಇಳಿಸುವ ಸೂಚನೆಯು ಅದರಲ್ಲಿತ್ತು. ಆ ಕರಡಿನ ಮೇಲೆಯೇ ದೇಶದ ಜನರ ಅಭಿಪ್ರಾಯವನ್ನು ಕೇಳಲಾಯಿತು; ಆದರೆ ಕೇಳಿದ್ದು ಇಂಗ್ಲಿಷು ಮತ್ತು ಹಿಂದಿಯಲ್ಲಿ! ಕೊನೆಗೆ ದೆಹಲಿಯ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ್ 30ರಂದು, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅದನ್ನು ಅನುವಾದಿಸಬೇಕೆಂದು ಆದೇಶಿಸಬೇಕಾಯಿತು. ಸರಕಾರವು ಆ ಆದೇಶವನ್ನು ಪಾಲಿಸುವುದರ ಬದಲು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೇಳುವ ಮನಸ್ಸಿದ್ದವನು ಕೇಳಿಸುವ ಭಾಷೆಯಲ್ಲಿ ಮಾತನಾಡುತ್ತಾನೆ.

ಇಷ್ಟು ಹೇಳಿದ ಮೇಲೆ ನೀತಿಶಾಸ್ತ್ರದ ಪ್ರಶ್ನೆಗೆ ಬರಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳಿಗೆ ಒದಗುವ ಅತಿಚಾರಗಳನ್ನು ಒಂದೊಂದಾಗಿ ಎಣಿಸುತ್ತದೆ. ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಕಡೆಯ ಎರಡು ವರ್ತಕನಿಗಾಗಿಯೇ ಹೇಳಿದಂತಿವೆ. ಒಂದು ಹೀನಾಧಿಕಮಾನೋನ್ಮಾನ, ಎಂದರೆ ಕೊಡುವಾಗ ಕಿರಿಯ ಅಳತೆ, ಕೊಳ್ಳುವಾಗ ಹಿರಿಯ ಅಳತೆ. ಇನ್ನೊಂದು ಪ್ರತಿರೂಪಕ ವ್ಯವಹಾರ. ಎಂದರೆ ಅಸಲಿನಂತೆ ತೋರುವ ನಕಲಿಯನ್ನು ಅಸಲೆಂದು ದಾಟಿಸುವುದು. ಕದಿಯುವವನಿಗೆ ಪ್ರತ್ಯೇಕವಾಗಿ ಮಾತು ಹೇಳಬೇಕಾಗಿಲ್ಲ; ಅವನು ಕಳ್ಳನೆಂದು ಅವನಿಗೂ ಗೊತ್ತು. ಆಚಾರ್ಯರು ಎಚ್ಚರಿಸಿದ್ದು ಕಳ್ಳತನವನ್ನು ವ್ಯವಹಾರದ ವೇಷದಲ್ಲಿ ಮಾಡುವವನನ್ನು. ಜನರ ಸಮ್ಮತಿಯು ಒಂದು ಬೆಲೆಯುಳ್ಳ ವಸ್ತು. ಅದನ್ನು ಪಡೆಯದೆ ಪಡೆದಂತೆ ಕಡತದಲ್ಲಿ ತೋರಿಸುವುದು ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು? ಯೋಜನೆಯ ಲಾಭವನ್ನು ನಾಡಿನ ಕೊಳಗದಿಂದ ಅಳೆದು, ಅದರ ನಷ್ಟವನ್ನು ಹಳ್ಳಿಯ ಪಾವಿನಿಂದ ಅಳೆಯುವುದು ಹೀನಾಧಿಕಮಾನವಲ್ಲದೆ ಮತ್ತೇನು? ಬಹಿರಂಗವಾಗಿ ‘ಕೇಳುವುದಿಲ್ಲ’ ಎನ್ನುವ ಸರಕಾರವು ಕಠೋರವಾದರೂ ಸುಳ್ಳು ಹೇಳುವುದಿಲ್ಲ. ಕೇಳಿದಂತೆ ನಟಿಸುವ ಸರಕಾರವು ಭೂಮಿಯನ್ನೂ ತೆಗೆದುಕೊಳ್ಳುತ್ತದೆ, ‘ಕೊಟ್ಟೆವು’ ಎಂಬ ರಸೀದಿಯನ್ನೂ ಬರೆಸಿಕೊಳ್ಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ನಾಲ್ಕು ಸಮಾಧಾನಗಳು ಬರುತ್ತವೆ. ಅವುಗಳನ್ನು ತಳ್ಳಿಹಾಕದೆ ಪರೀಕ್ಷಿಸಬೇಕು.

ಮೊದಲನೆಯದು, ಇವೆಲ್ಲ ತಜ್ಞರ ವಿಷಯ. ಸಾಮಾನ್ಯರಿಗೆ ಏನು ತಿಳಿಯುತ್ತದೆ ಎಂಬುದು. ಸುರಂಗದ ವ್ಯಾಸವೆಷ್ಟಿರಬೇಕು ಎಂಬುದನ್ನು ಹಳ್ಳಿಯವನು ಹೇಳಲಾರನು, ನಿಜ. ಆದರೆ ಯಾವ ಇಳಿಜಾರು ಯಾವ ಮಳೆಗಾಲದಲ್ಲಿ ಜರಿದಿತ್ತು, ಯಾವ ತೊರೆ ಬೇಸಗೆಯಲ್ಲಿಯೂ ಬತ್ತುವುದಿಲ್ಲ ಎಂಬುದನ್ನು ಅವನಂತೆ ಬಲ್ಲವರು ನಗರದ ಕಚೇರಿಯಲ್ಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಂಜೆಯ ವಿದ್ಯುತ್ತಿಗೂ ಸಿಂಗಳೀಕದ ಕಾಡಿಗೂ ನಡುವೆ ಯಾವುದು ಹೆಚ್ಚು ಎಂಬುದು ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ. ಅದು ಮೌಲ್ಯದ ಪ್ರಶ್ನೆ. ಅದಕ್ಕೆ ತಜ್ಞನಿಗೂ ಒಂದೇ ಮತ, ರೈತನಿಗೂ ಒಂದೇ ಮತ. ವಸ್ತುವಿಗೆ ಅನೇಕ ಧರ್ಮಗಳಿವೆ, ಒಂದು ನಯದಿಂದ ಕಂಡುದು ಒಂದು ಅಂಶ ಮಾತ್ರ ಎಂದು ಸಾವಿರಾರು ವರ್ಷಗಳಿಂದ ಬೋಧಿಸುತ್ತ ಬಂದ ಪರಂಪರೆಯು ತಜ್ಞನ ನಯವೊಂದನ್ನೇ ಪ್ರಮಾಣವೆಂದು ಒಪ್ಪುವುದು ಹೇಗೆ?

ಎರಡನೆಯದು, ವಿಳಂಬದ ಮಾತು. ಪ್ರತಿಯೊಂದು ದಿನದ ತಡಕ್ಕೂ ಬಡ್ಡಿಯಿದೆ, ವೆಚ್ಚ ಏರುತ್ತದೆ ಎಂದು ಹೇಳುತ್ತಾರೆ. ವ್ಯಾಪಾರ ಮಾಡುವವರಿಗೆ ಬಡ್ಡಿಯ ಬಿಸಿ ತಿಳಿಯದ ಸಂಗತಿಯಲ್ಲ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆ ಕೃಷಿಭೂಮಿಯನ್ನು ವಶಪಡಿಸಿಕೊಳ್ಳುವ ಪ್ರಯತ್ನವಾಯಿತು. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮೂರು ವರ್ಷಗಳಿಗೂ ಮೀರಿ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು 1,791 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟಲು 2016ರಲ್ಲಿ ತೀರ್ಮಾನವಾಯಿತು. 812 ಮರಗಳು ಉರುಳಬೇಕಾಗಿತ್ತು. ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಪ್ರಕರಣವು ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. 2017ರ ಮಾರ್ಚಿಯಲ್ಲಿ ಯೋಜನೆ ರದ್ದಾಯಿತು. ಮೊದಲ ದಿನವೇ ತೆರೆದ ಮನಸ್ಸಿನಿಂದ ಕೇಳಿದ್ದರೆ ಈ ವರ್ಷಗಳೂ ಈ ಖರ್ಚೂ ಉಳಿಯುತ್ತಿದ್ದವಲ್ಲವೇ? ಸಭೆಯಲ್ಲಿ ಕೇಳದ ಮಾತು ಬೀದಿಯಲ್ಲಿ ಕೇಳಿಸುತ್ತದೆ. ಬೀದಿಯಲ್ಲಿ ಕೇಳದಿದ್ದರೆ ನ್ಯಾಯಾಲಯದಲ್ಲಿ ಕೇಳಿಸುತ್ತದೆ. ಅಷ್ಟರಲ್ಲಿ ಬಡ್ಡಿಯು ಅಸಲನ್ನು ಮೀರಿರುತ್ತದೆ.

ಮೂರನೆಯದು, ಸರಕಾರವನ್ನು ಜನರೇ ಆರಿಸಿರುವಾಗ ಮತ್ತೆ ಮತ್ತೆ ಜನರನ್ನು ಕೇಳುವುದೇಕೆ ಎಂಬುದು. ಮುನೀಮನಿಗೆ ಅಂಗಡಿಯನ್ನು ಒಪ್ಪಿಸಿದ ಧಣಿಯು ದಿನದ ವ್ಯಾಪಾರವನ್ನು ಅವನಿಗೆ ಬಿಟ್ಟಿರುತ್ತಾನೆ, ಸರಿ. ಮನೆಯನ್ನೇ ಮಾರುವಾಗಲೂ ಧಣಿಯನ್ನು ಕೇಳಬೇಕಾಗಿಲ್ಲವೆಂದು ಯಾವ ಮುನೀಮನೂ ಇದುವರೆಗೆ ವಾದಿಸಿಲ್ಲ. ಐದು ವರ್ಷಗಳಿಗೊಮ್ಮೆ ಕೊಡುವ ಮತವು ಆಳುವ ಅಧಿಕಾರವನ್ನು ಕೊಡುತ್ತದೆ. ಒಂದು ಊರನ್ನು ಶಾಶ್ವತವಾಗಿ ಅಳಿಸುವ ಅಧಿಕಾರವು ಅದರಲ್ಲಿ ಅಡಗಿರಲಾರದು. ಈ ಸೂಕ್ಷ್ಮವನ್ನು ಸಂಸತ್ತೇ ಒಪ್ಪಿತ್ತು. 2013ರ ಭೂಸ್ವಾಧೀನ ಕಾಯಿದೆಯು ಖಾಸಗಿ ಕಂಪನಿಗಳ ಯೋಜನೆಗೆ ಬಾಧಿತ ಕುಟುಂಬಗಳ ಶೇಕಡ 80ರಷ್ಟು, ಸರಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇಕಡ 70ರಷ್ಟು ಮುಂಚಿತ ಸಮ್ಮತಿಯನ್ನು ವಿಧಿಸಿತು. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕಡ್ಡಾಯಗೊಳಿಸಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬಳಿಕ ತಿದ್ದುಪಡಿ ತಂದು ಅನೇಕ ಬಗೆಯ ಯೋಜನೆಗಳನ್ನು ಈ ಅಧ್ಯಯನದ ಹಂಗಿನಿಂದ ಬಿಡಿಸಿದವು. ಕರ್ನಾಟಕದ ತಿದ್ದುಪಡಿ 2019ರದು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಹಿಂತೆಗೆದುಕೊಂಡಂತಾಯಿತು.

ನಾಲ್ಕನೆಯದು, ಜನರನ್ನು ಕೇಳಿದರೆ ಅವರು ಯಾವಾಗಲೂ ‘ಬೇಡ’ ಎನ್ನುತ್ತಾರೆ, ಹೊರಗಿನವರು ಬಂದು ಎತ್ತಿಕಟ್ಟುತ್ತಾರೆ ಎಂಬುದು. ಜನರು ‘ಬೇಡ’ ಎನ್ನಬಹುದೆಂಬ ಭಯದಿಂದ ಪ್ರಶ್ನೆಯನ್ನೇ ಕೇಳದಿರುವುದು ಉತ್ತರವನ್ನು ಮೊದಲೇ ಬಲ್ಲವನ ಲಕ್ಷಣ. ಒಡಿಶಾದ ನಿಯಮಗಿರಿ ಬೆಟ್ಟದ ಪ್ರಕರಣವು ಇಲ್ಲಿ ನೆನಪಿಡತಕ್ಕದ್ದು. ಅಲ್ಲಿಯ ಬಾಕ್ಸೈಟ್ ಗಣಿಗಾರಿಕೆಯ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ತೀರ್ಪಿತ್ತು, ಬೆಟ್ಟದ ಮೇಲೆ ಡೋಂಗ್ರಿಯ ಕೋಂಧರೇ ಮೊದಲಾದ ಅರಣ್ಯವಾಸಿಗಳಿಗೆ ಇರುವ ಧಾರ್ಮಿಕ ಹಾಗೂ ಸಾಮುದಾಯಿಕ ಹಕ್ಕುಗಳನ್ನು ಗ್ರಾಮಸಭೆಗಳೇ ಪರಿಶೀಲಿಸಬೇಕೆಂದಿತು. ಆ ವರ್ಷದ ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಜಿಲ್ಲಾ ನ್ಯಾಯಾಧೀಶರ ಸಮಕ್ಷಮದಲ್ಲಿ, 12 ಹಳ್ಳಿಗಳ ಗ್ರಾಮಸಭೆಗಳು ಒಂದಾದ ಮೇಲೊಂದರಂತೆ ಸೇರಿದವು. ಹನ್ನೆರಡೂ ಗಣಿಯನ್ನು ನಿರಾಕರಿಸಿದವು. 2014ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಅನುಮತಿಯನ್ನು ನಿರಾಕರಿಸಿತು. ದೇಶವೇನೂ ಮುಳುಗಲಿಲ್ಲ. ಅಲ್ಲಿ ಮೂರು ಸಂಗತಿಗಳಿದ್ದವು: ಜನರ ಭಾಷೆ, ಜನರ ಊರು, ಮತ್ತು ‘ಬೇಡ’ ಎಂಬ ಮಾತಿಗೆ ನಿಜವಾದ ಬೆಲೆ. ಸಾಮಾನ್ಯ ಆಲಿಕೆ ಸಭೆಗಳಿಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಈ ಮೂರನೆಯ ಸಂಗತಿ.

ಹಾಗಾದರೆ ಮಾಡಬೇಕಾದುದೇನು? ದೂರಿಗೆ ನಿಂತು ಪರಿಹಾರಕ್ಕೆ ಬಾರದ ಬರಹವು ಅರ್ಧ ಲೆಕ್ಕ. ಮೊದಲನೆಯದಾಗಿ, ಯೋಜನೆಯ ಮೊದಲ ಆಲೋಚನೆಯ ಹಂತದಲ್ಲಿಯೇ, ಪರ್ಯಾಯಗಳು ಇನ್ನೂ ಮೇಜಿನ ಮೇಲಿರುವಾಗಲೇ ಜನರನ್ನು ಕೇಳಬೇಕು. ಆಲಿಕೆ ಮುಗಿದು ಅನುಮತಿ ದೊರೆಯುವವರೆಗೆ ಟೆಂಡರು, ಗುತ್ತಿಗೆ, ಮುಂಗಡ ಯಾವುದೂ ಕೂಡದು. ಎರಡನೆಯದಾಗಿ, ಇಡೀ ವರದಿಯು ಜನರ ಭಾಷೆಯಲ್ಲಿ ಗ್ರಾಮ ಪಂಚಾಯತಿಯ ಕಟ್ಟೆಯ ಮೇಲೆ ದೊರೆಯಬೇಕು. ಕನ್ನಡದಲ್ಲಿಲ್ಲದ ವರದಿಯನ್ನು ಕರ್ನಾಟಕದಲ್ಲಿ ಸಲ್ಲಿಸಿಯೇ ಇಲ್ಲವೆಂದು ಭಾವಿಸಬೇಕು. ಮೂರನೆಯದಾಗಿ, ಅಧ್ಯಯನದ ಹಣವನ್ನು ಪ್ರವರ್ತಕನು ಸರಕಾರಿ ಖಾತೆಯಲ್ಲಿ ಠೇವಣಿ ಇಡಲಿ, ಆದರೆ ಸಂಸ್ಥೆಯನ್ನು ನೇಮಿಸುವವರು ಅವನಿಂದ ಸ್ವತಂತ್ರರಾಗಿರಲಿ. ಜನರು ತಮ್ಮ ಪರವಾಗಿ ತಜ್ಞನೊಬ್ಬನನ್ನು ಕರೆಸಿಕೊಳ್ಳಲು ಅದೇ ಠೇವಣಿಯಿಂದ ಒಂದು ಪಾಲು ಮೀಸಲಾಗಿರಲಿ. ನಾಲ್ಕನೆಯದಾಗಿ, ಪ್ರತಿಯೊಂದು ಆಕ್ಷೇಪಕ್ಕೂ ತೀರ್ಮಾನ ಮಾಡುವ ಅಧಿಕಾರಿಯೇ ಕಾರಣಸಹಿತ ಲಿಖಿತ ಉತ್ತರವನ್ನು ಕೊಡಬೇಕು. ‘ದಾಖಲಿಸಿಕೊಳ್ಳಲಾಗಿದೆ’ ಎಂಬುದು ಉತ್ತರವಲ್ಲ. ಆ ಉತ್ತರದೊಂದಿಗೆ ಎರಡನೆಯ ಸಭೆ ಅದೇ ಊರಿನಲ್ಲಿ ಸೇರಬೇಕು. ಐದನೆಯದಾಗಿ, ‘ಯೋಜನೆಯನ್ನು ಕೈಬಿಡುವುದು’ ಎಂಬುದು ಪ್ರತಿಯೊಂದು ವರದಿಯಲ್ಲಿಯೂ ಗಂಭೀರವಾಗಿ ತೂಗಿದ ಒಂದು ಮಾರ್ಗವಾಗಿರಬೇಕು. ಆರನೆಯದಾಗಿ, ಈ ಹಿಂದಿನ ಯೋಜನೆಯ ಸಂತ್ರಸ್ತರ ಬಾಕಿಯನ್ನು ತೀರಿಸದೆ ಅದೇ ಕಣಿವೆಯಲ್ಲಿ ಹೊಸ ಯೋಜನೆಯ ಮಾತೆತ್ತಕೂಡದು. ಹಳೆಯ ಸಾಲವನ್ನು ತೀರಿಸದವನಿಗೆ ಹೊಸ ಉದ್ದರಿ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಇದು ಸರಕಾರಕ್ಕೆ ಹೇಳಿದ ಮಾತು. ವಿರೋಧಿಸುವವರಿಗೂ ಹೇಳಬೇಕಾದುದುಂಟು. ಸಭೆಯಲ್ಲಿ ಪ್ರವರ್ತಕನ ಪ್ರತಿನಿಧಿಯು ಬಾಯಿ ತೆರೆದೊಡನೆ ಕೂಗೆಬ್ಬಿಸುವುದು, ಯೋಜನೆಯ ಪರವಾಗಿ ಮಾತನಾಡಿದ ಊರಿನವನನ್ನೇ ದ್ರೋಹಿಯೆಂದು ಜರೆಯುವುದು ಇವೂ ಆಲಿಕೆಯನ್ನು ಕೊಲ್ಲುತ್ತವೆ. ತನ್ನ ಮಾತಿಗೆ ‘ಸ್ಯಾತ್’ ಎಂಬ ಮಿತಿಯನ್ನು ಒಪ್ಪದವನು ಎದುರಾಳಿಯಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಅನೇಕಾಂತವೆಂದರೆ ಎಲ್ಲರಿಗೂ ‘ಹೌದು’ ಎಂದು ತಲೆದೂಗುವ ಜಾಣತನವಲ್ಲ. ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಹುಡುಕುವ ಶ್ರಮ. ಆ ಶ್ರಮದ ಬಳಿಕ ದೃಢವಾಗಿ ‘ಬೇಡ’ ಎನ್ನಲು ಅದು ಅಡ್ಡಿಯಾಗುವುದಿಲ್ಲ.

ಕಡೆಯ ಮಾತು ವರ್ತಕ ಸಮಾಜಕ್ಕೆ. ದೊಡ್ಡ ಯೋಜನೆ ಬಂದರೆ ಸಿಮೆಂಟು ಮಾರಾಟವಾಗುತ್ತದೆ, ಕಬ್ಬಿಣ ಮಾರಾಟವಾಗುತ್ತದೆ, ಲಾರಿಗೆ ಬಾಡಿಗೆ ಸಿಗುತ್ತದೆ, ಪೇಟೆಯಲ್ಲಿ ಹಣ ಓಡಾಡುತ್ತದೆ. ಆದುದರಿಂದಲೇ ಆಲಿಕೆ ಸಭೆಯ ದಿನ ಪೇಟೆಯವರು ಅಂಗಡಿಯಲ್ಲಿಯೇ ಉಳಿಯುತ್ತಾರೆ. ಬೆಟ್ಟದ ಕೆಳಗಿನವರು ಮಾತ್ರ ಸಭೆಗೆ ಹೋಗುತ್ತಾರೆ. ಬಸದಿಯ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಡುವ ಕೈಗಳು ಬಸದಿಯ ಸುತ್ತಲಿನ ಕಾಡಿನ ವಿಷಯದಲ್ಲಿ, ಆ ಕಾಡಿನ ನೆರಳಿನಲ್ಲಿ ಬಾಳುವವರ ವಿಷಯದಲ್ಲಿ ಒಂದು ಪುಟದ ಲಿಖಿತ ಅಭಿಪ್ರಾಯವನ್ನೂ ಕಳುಹಿಸುವುದಿಲ್ಲ. ಹಿಂಸೆಯನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು ಎಂದು ಶಾಸ್ತ್ರವು ಮೂರು ಬಗೆಯನ್ನು ಹೇಳಿದೆ. ಲಾಭವು ಬರುವ ಕಡೆಗೆ ಮುಖ ಮಾಡಿ ಕುಳಿತ ಮೌನವು ಮೂರನೆಯ ಬಗೆಗೆ ಸೇರುತ್ತದೆಯೇ ಇಲ್ಲವೇ ಎಂಬುದನ್ನು ಪ್ರತಿಯೊಬ್ಬ ಶ್ರಾವಕನೂ ತನ್ನ ಪ್ರತಿಕ್ರಮಣದ ಹೊತ್ತಿನಲ್ಲಿ ಕೇಳಿಕೊಳ್ಳಲಿ.

ನಗರಬಸ್ತಿಕೇರಿಯ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಯಾವ ಬಾಗಿಲಿನಿಂದ ಬಂದವನಿಗೂ ಜಿನನ ದರ್ಶನವಾಗುತ್ತದೆ. ಅದನ್ನು ಕಟ್ಟಿದವರು ಒಂದೇ ಬಾಗಿಲಿಟ್ಟು ಉಳಿದ ಮೂರು ಕಡೆ ಬಾಗಿಲಿನ ಚಿತ್ರವನ್ನು ಕೆತ್ತಿ ಬಿಡಬಹುದಾಗಿತ್ತು, ಖರ್ಚು ಕಡಿಮೆಯಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಅದೇ ಊರಿನ ಜನರಿಗೆ ಇಂದಿನ ಆಡಳಿತವು ಗೋಡೆಯ ಮೇಲೆ ಬರೆದ ಬಾಗಿಲನ್ನು ತೋರಿಸಿ, ‘ಬನ್ನಿ, ಒಳಗೆ ಬಂದು ಹೇಳಿ’ ಎನ್ನುತ್ತಿದೆ. ಬಾಗಿಲು ತೆರೆಯಬೇಕು, ಇಲ್ಲವೇ ಅದು ಬಾಗಿಲಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.